ಗುಡ್ಡದ ಮೇಲಿನ ಸ್ಟೇಷನ್

ಆಲ್ಟೂನಾ, ಶನಿವಾರ

ಪ್ರೀತಿಯ ಎಮೆಟ್,

ಸೊಂಟ ಮುರಿದ ಮೇಲೆ ನೀನು ಆಸ್ಪತ್ರೆಯಲ್ಲಿ, "ಇನ್ನು ನಾನು ನೆಲಮಾಳಿಗೆಗೆ ಇಳಿಯಲ್ಲ, ಆ ಆಟದ ರೈಲನ್ನ ಯಾರಿಗಾದ್ರೂ ಕೊಟ್ಬಿಡು" ಅಂದೆಯಲ್ಲ, ನಾನು ಕೊಡಲಿಲ್ಲ. ನಿನ್ನ ಆಟದ ರೈಲು ಕ್ಲಬ್ಬಿನ ಆರ್ವಿಲ್‌ನನ್ನು ಕರೆದೆ. ನಿನ್ನ ಪುಟ್ಟ ರೈಲು ಮೇಜಿನ ಮೇಲಿನ ಗುಡ್ಡದ ಹತ್ತಿರ ಏದುಸಿರು ಬಿಡುವುದನ್ನು ನೋಡಿ ಅವನು ನಕ್ಕ.

"ಏರಿನ ತಪ್ಪಲ್ಲ ವೆರ್ನಾ. ಇಷ್ಟು ದೂರಕ್ಕೆ ಕರೆಗಂಟೆಗೆ ಹಾಕೋ ಸಣ್ಣ ತಂತಿ ಎಳೆದಿದಾನೆ ನಿನ್ ಗಂಡ. ಕರೆಂಟು ದಾರೀಲೇ ಸೋತುಹೋಗುತ್ತೆ."

ಮೇಜಿನಡಿ ಮಲಗಿ, ಮನೆಯ ಗೋಡೆಯೊಳಗೆ ಹಾಕುವಂಥ ದಪ್ಪ ತಂತಿಯನ್ನು ನಾನೇ ಎಳೆದೆ. ನನ್ನ ಬೆನ್ನಿನ ಸುದ್ದಿ ಕೇಳಬೇಡ. ಆಮೇಲೆ ಕರೆಂಟು ಅಲ್ಲಿಯವರೆಗೆ ಪೂರ್ತಿ ತಲುಪುತ್ತದೆಯೇ ಎಂದು ನೋಡಲು ಗುಡ್ಡದ ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಟ್ಟೆ; ತಲುಪಿದರೆ ಪೆಟ್ಟಿಗೆ ತಾನೇ ಕರೆಂಟು ನಿಲ್ಲಿಸಬೇಕು. ಹಳೇ ತಂತಿ ಇದ್ದಾಗ ನಾಣ್ಯ ಬಿಸಿಯಾಗುತ್ತಿತ್ತೇ ಹೊರತು ರೈಲಿಗೆ ಕರೆಂಟು ಕೊಡುವ ಪೆಟ್ಟಿಗೆಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಪೆಟ್ಟಿಗೆ ತಟ್ಟನೆ ಕರೆಂಟು ಕಡಿಯಿತು. ಆರ್ವಿಲ್ ನಂಬದೆ, "ಇನ್ನೊಂದ್ಸಲ ಇಡು" ಅಂದ. ಮತ್ತೂ ಕಡಿಯಿತು.

ರೈಲು ಈಗ ಗುಡ್ಡವನ್ನು ಸಲೀಸಾಗಿ ಹತ್ತುತ್ತದೆ. ಒಂದೇ ತೊಂದರೆ. ಅದು ನಿಧಾನವಾಗುವುದನ್ನು ಮರೆಮಾಚಲು ನೀನು ಅಲ್ಲೊಂದು ಸ್ಟೇಷನ್ ಕಟ್ಟಿ ನನ್ನ ಹೆಸರಿಟ್ಟಿದ್ದೆ. ಈಗ ರೈಲು ವೆರ್ನಾದಲ್ಲಿ ನಿಲ್ಲದೆ ಓಡಿಬಿಡುತ್ತದೆ. ನೆಲಮಾಳಿಗೆಯ ಮೆಟ್ಟಿಲಿನ ಎರಡೂ ಕಡೆ ಹಿಡಿಕೆ ಹಾಕಿಸಿದ್ದೇನೆ. ಬಂದು ನಿಲ್ಲಿಸು.

ಪ್ಲಾಟ್‌ಫಾರಂನಲ್ಲೇ ಕಾಯುತ್ತಿರುವ,
ವೆರ್ನಾ