ಮೇಲಿನ ಕೋಣೆ

ಜುಲೈ ೧೨, ಭಾನುವಾರ

ಪ್ರೀತಿಯ ರೇಡಿಯೋ,

ನಿನ್ನ ಪತ್ರ ಬಂದು ವಾರವಾಯಿತು. ಆ ಹೊಸ ಶಾಲೆಯಲ್ಲಿ ನಿನ್ನ ಮಾತಿಗೆ ಯಾರೂ ತಿರುಗಿ ನೋಡುವುದಿಲ್ಲ, ಊಟದ ಬಿಡುವಿನಲ್ಲಿ ಒಬ್ಬಳೇ ಕೂರಬೇಕು ಎಂದು ಬರೆದಿದ್ದೀಯ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದುಕೊಂಡು ಹತ್ತನೇ ತರಗತಿ ಇಲ್ಲೇ ಮುಗಿಸಲೇ ಎಂದೂ ಕೇಳಿದ್ದೀಯ. ನಿನ್ನಪ್ಪ ಒಪ್ಪಿದ್ದಾರಂತೆ. ಓದಿದೆ. ಅಳು ಬರಬೇಕಿತ್ತು, ಬರಲಿಲ್ಲ. ಈಚೆಗೆ ನನಗೆ ಯಾವುದೂ ಬರುವುದಿಲ್ಲ.

ಕೋಣೆಗೆ ಬಾಡಿಗೆಯವರು ಬಂದಿದ್ದಾರೆ. ಗಂಡ ಹೆಂಡತಿ. ಸದ್ದಿಲ್ಲದ ಜನ.

ಅಮ್ಮನ ಹೊಲಿಗೆ ಅಂಗಡಿ ಹಾಗೇ ಇದೆ. ಶಾಲೆ ತೆರೆಯುವ ಮುಂಚೆ ಅವಳು ಪ್ರತಿ ವರ್ಷದಂತೆ ನಮ್ಮಿಬ್ಬರ ಅಳತೆಗೂ ಒಂದೊಂದು ಲಂಗ ಕತ್ತರಿಸಿಬಿಟ್ಟಳು. ಕತ್ತರಿ ಕೆಳಗಿಟ್ಟ ಮೇಲೆ, ‘ಅಯ್ಯೋ, ಆ ಹುಡುಗಿ ಹೋದ್ಲಲ್ವೇನೇ’ ಅಂದಳು. ಹೂಂ ಅಂದೆ. ಎರಡನ್ನೂ ನಾನೇ ಹಾಕಿಕೊಳ್ಳುತ್ತಿದ್ದೇನೆ. ನಿನ್ನದು ಸೊಂಟದಲ್ಲಿ ಸಡಿಲ.

ಬಸ್ಸಿನಲ್ಲಿ ನಿಲ್ದಾಣ ಬಂದರೂ ಕೂತೇ ಇರುತ್ತಿದ್ದೆ. ‘ಇಳೀಬೇಕು’ ಎಂದು ಕೂಗುವುದು ನಿನ್ನ ಕೆಲಸವಾಗಿತ್ತಲ್ಲ. ಬೇರೆಯವರು ಇಳಿಯುವ ಕಡೆ ಇಳಿದು ಹಿಂದಕ್ಕೆ ನಡೆಯುತ್ತಿದ್ದೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ನಿನ್ನ ಜಾಗ ನೋಡುತ್ತಿದ್ದೆ. ‘ಉತ್ತರ ಬೆಂಚಿನ ಮೇಲೆ ಬರ್ದಿದ್ಯೇನಮ್ಮ’ ಎಂದು ಗಣಿತದ ಮೇಷ್ಟ್ರು ಕೇಳಿದಾಗ ಎಲ್ಲರೂ ನಕ್ಕರು. ನಾಚಿಕೆಯೂ ಆಗಲಿಲ್ಲ.

ಮೊನ್ನೆ ಗುರುವಾರ ಕೂಗಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ‘ಪರವಾಗಿಲ್ವೇ, ನಿಂಗೂ ಬಾಯಿದೆ. ಆ ಇನ್ನೊಬ್ಬಳೇ ನಿನ್ನ ಬಾಯಿ ಅಂದ್ಕೊಂಡಿದ್ದೆ’ ಅಂದರು ಡ್ರೈವರು. ನನ್ನ ಹಿಂದೆಯೇ ನಮ್ಮ ತರಗತಿಯ ಕನ್ನಡಕದ ಹುಡುಗಿ ಇಳಿದಳು. ಅವಳದೂ ಅದೇ ನಿಲ್ದಾಣವಂತೆ. ಕೂಗಲು ಹೆದರಿ, ಇಷ್ಟು ದಿನ ಅವಳೂ ಮುಂದೆ ಇಳಿದು ನನ್ನ ಹಿಂದೆ ನಡೆದು ಬರುತ್ತಿದ್ದಳಂತೆ. ನಾನು ನೋಡಿಯೇ ಇರಲಿಲ್ಲ. ‘ದಿನಾ ನೀನು ಕೂಗ್ತೀಯೇನೋ ಅಂತ ಕಾಯ್ತಿದ್ದೆ ಕಣೇ’ ಅಂದಳು. ಶುಕ್ರವಾರ ಇಬ್ಬರ ಪರವಾಗಿಯೂ ನಾನೇ ಕೂಗಿದೆ. ಸಂತೋಷವೇನೂ ಆಗಲಿಲ್ಲ. ಗಂಟಲು ಸ್ವಲ್ಪ ಬಿಸಿಯಾಯಿತು, ಅಷ್ಟೇ.

ನೀನು ಅಲ್ಲಿ ಒಂದೇ ಸಮನೆ ಮಾತಾಡಬೇಡ. ಪಕ್ಕದವಳು ಏನು ಹೇಳುತ್ತಾಳೋ ಸ್ವಲ್ಪ ಕೇಳು. ನನ್ನ ಜೊತೆಯಲ್ಲಿ ನಿನಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಮೂಕಿ

ತಾ.ಕ.: ಬಾಡಿಗೆಯವರು ಯಾರೂ ಬಂದಿಲ್ಲ. ನೀನು ಕೇಳಿದ್ದನ್ನು ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಇವತ್ತೇ ನಿನಗೆಂದು ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾಳೆ. ನೀನು ಬಂದರೆ ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ. ಈ ವರ್ಷ ಬರಬೇಡ.