ಮೂವರೂ ಬಂದರೆ ಸರಿಯೇ

ಮಾರ್ಚ್ ೯, ಸೋಮವಾರ

ಎಲ್ಲಿ ತಪ್ಪಿದೆನೋ ಇನ್ನೂ ತಿಳಿಯುತ್ತಿಲ್ಲ. ಅಮ್ಮನ ವಾರ್ಡಿನಲ್ಲಿ ಒಬ್ಬರೇ ಇರಬೇಕು. ಅಕ್ಕನೋ ನಾನೋ, ಇಬ್ಬರೂ ಇರಬಾರದು, ಇಬ್ಬರೂ ತಪ್ಪಿಸಲೂಬಾರದು. ಅದಕ್ಕೇ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎರಡರಲ್ಲಿ ಒಂದೇ ಒಂದು ನಿಜವಾದರೆ ‘ಸರಿ’ ಎನ್ನುವ ಒಂದು ಎಕ್ಸಾರ್ ಫಂಕ್ಷನ್ ಬರೆದೆ: ಮೊದಲನೆಯದು ನಿಜವಾದರೆ ಎರಡನೆಯದನ್ನು ತಿರುವಿ ಕೊಡು, ಇಲ್ಲವಾದರೆ ಎರಡನೆಯದನ್ನೇ ಕೊಡು. ತಮ್ಮನೂ ಊರಿಂದ ಬಂದ ಮೇಲೆ, ನಮ್ಮಿಬ್ಬರಿಂದ ಬಂದ ಉತ್ತರಕ್ಕೆ ಅವನನ್ನೂ ಹಾಗೆಯೇ ಪೋಣಿಸಿದೆ.

ಇವತ್ತು ಮೂವರೂ ಒಬ್ಬರಿಗೊಬ್ಬರು ಹೇಳದೆ ‘ನಾನು ಹೋಗುತ್ತೇನೆ’ ಎಂದು ಅದರಲ್ಲಿ ಗುರುತು ಹಾಕಿದ್ದೆವು. ಫೋನಿನಲ್ಲಿ ‘ಸರಿ’ ಎಂದು ಬಂತು.

ಬಾಗಿಲಲ್ಲಿ ನಮ್ಮನ್ನು ಒಟ್ಟಿಗೆ ಕಂಡು ಅಮ್ಮನ ಮುಖ ಬಿಳಿಚಿಕೊಂಡಿತು. “ಡಾಕ್ಟರು ಏನಂದ್ರು? ಮುಚ್ಚಿಡಬೇಡಿ.”

“ಏನೂ ಇಲ್ಲಮ್ಮ, ನನ್ನ ಪ್ರೋಗ್ರಾಂ ಎಡವಟ್ಟು ಮಾಡ್ತು,” ಎಂದೆ. ಅವಳು ನಂಬಲಿಲ್ಲ. ತಮ್ಮ ನಗಲು ಹೋಗಿ ಅತ್ತುಬಿಟ್ಟ. ಅಷ್ಟರಲ್ಲಿ ನರ್ಸ್ ಬಂದು ಮೂವರಿಗೂ ಚೆನ್ನಾಗಿ ಬೈದಳು. ಅಮ್ಮನಿಗೆ ಸಮಾಧಾನವಾಯಿತು. “ನಾನು ಸಾಯೋಳಾಗಿದ್ರೆ ನಿಮ್ಗೆ ಹೀಗೆ ಬೈತಿರ್ಲಿಲ್ಲ ಬಿಡಿ,” ಎಂದಳು.

ಬರೆಯುತ್ತಾ ಈಗ ಹೊಳೆಯಿತು: ಮೂರು ನಿಜ ಪೋಣಿಸಿದರೆ ನಿಜವೇ ಬರುತ್ತದೆ, ಎರಡು ಒಂದನ್ನೊಂದು ಅಳಿಸಿ ಮೂರನೆಯದು ಉಳಿಯುತ್ತದೆ, ಬೆಸ ಸಂಖ್ಯೆಯಲ್ಲವೇ. ಫಂಕ್ಷನ್ ತಪ್ಪಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆ. ಎಷ್ಟು ಜನ ಎಂದು ಎಣಿಸಬೇಕಿತ್ತು. ತಿದ್ದಲು ಕೂತರೆ ಮನಸ್ಸು ಅಲ್ಲಿ ನಿಲ್ಲುತ್ತಿಲ್ಲ. ತಮ್ಮ ಯಾಕೆ ಅತ್ತ? ಮೊನ್ನೆ ಡಾಕ್ಟರನ್ನು ಕಂಡವನು ಅವನೊಬ್ಬನೇ. ಬಂದು ‘ಎಲ್ಲ ಸರಿಯಿದೆ’ ಎಂದಿದ್ದ, ನಾವೂ ಮತ್ತೇನೂ ಕೇಳದೆ ನಂಬಿಬಿಟ್ಟೆವು.