ಬಿಳಿ ಕಂಬಿಯವರೆಗೆ

ಮಾರ್ಚ್ 1, ಶನಿವಾರ

ಮತ್ತೆ ಗಂಡನ ಪ್ಯಾಂಟಿನ ಅಂಚು ತೋಯ್ದಿದೆ. ಕೇಳಿದರೆ ಬಿಸ್ಕತ್ತು ಕದ್ದವನ ಮುಖ.

"ಎಲ್ಲೀವರೆಗೆ ಹೋಗಿದ್ದೆ ಇದ್ವಾಲ್?"

"ಮೊದಲ್ನೇ ಮಂಟಪದ ತನಕ. ನರ್ಸಮ್ಮ ಹೇಳಿದಷ್ಟೇ."

"ಅಲೆ ಅಲ್ಲಿಗೆ ಬರಲ್ಲ."

"ಇವತ್ತು ನನ್ನ ನೋಡಕ್ಕೆ ಬಂದಿತ್ತು."

ನಗು ಬಂತು, ಸಿಟ್ಟೂ ಬಂತು. ಕ್ರಿಸ್‌ಮಸ್ ಕಳೆದ ಮೇಲೆ ಗಂಡನ ಎದೆ ತೆರೆದು ಹೊಲಿದಿದ್ದಾರೆ. ದಿನಾ ನಡೆಯಬೇಕು, ಆದರೆ ಸ್ವಲ್ಪ ಸ್ವಲ್ಪವೇ. ಇವನಿಗೋ ಕಂಬಿ ಒದೆಯುವ ಹಂಬಲ. ಈ ಊರಿನ ಚಟ ಅದು. ಕಡಲ ದಂಡೆಯ ರಸ್ತೆಯಲ್ಲಿ, ಕೂರುವ ಮಂಟಪಗಳನ್ನು ದಾಟಿ, ನಡೆಯಲು ಹೊರಟವರು ಗುಡ್ಡದ ಬುಡದ ಬಿಳಿ ಕಂಬಿಗೆ ಕಾಲು ತಾಗಿಸದೆ ಹಿಂದಿರುಗುವುದಿಲ್ಲ. ಪ್ರೊಫೆಸರರೂ ಅಷ್ಟೆ, ಪರೀಕ್ಷೆಗೆ ಹೊರಟ ಮಕ್ಕಳೂ ಅಷ್ಟೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಒದೆಯದ ನಡಿಗೆ ನಡಿಗೆಯೇ ಅಲ್ಲ.

ಇವತ್ತು ನಮ್ಮ ನಾಡಿನ ಸಂತ ಡೇವಿಡ್ಡನ ಹಬ್ಬ. ಈರುಳ್ಳಿ ಜಾತಿಯ ಲೀಕ್ ಹಾಕಿ ಕುರಿಮಾಂಸದ ಸಾರು ಮಾಡಿದ್ದೆ. ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿರುವ ಎಫುವಾ ಹಬ್ಬದ ಡ್ಯಾಫೋಡಿಲ್ ಹೂ ಮುಡಿದು ಕೆಳಗಿಳಿದಳು. ಘಾನಾದವಳು, ವಿಶ್ವವಿದ್ಯಾಲಯದಲ್ಲಿ ಡಾಲ್ಫಿನ್ ಜಾತಿಯ ಕಡಲಹಂದಿಗಳ ಮೇಲೆ ಸಂಶೋಧನೆ.

"ಆಂಟಿ, ಇದಕ್ಕೆ ಮೆಣಸಿನಕಾಯಿ ಹಾಕಿದ್ರೆ ಸಂತರಿಗೆ ಬೇಜಾರಾಗತ್ತಾ?"

ಹಾಕಿದಳು. ಇದ್ವಾಲ್ ಎರಡು ಬಟ್ಟಲು ಉಂಡ.

ಮಾರ್ಚ್ 4, ಮಂಗಳವಾರ

ಎಫುವಾಳ ದುರ್ಬೀನು ಕಿಟಕಿಯಲ್ಲಿತ್ತು. ಸುಮ್ಮನೆ ನೋಡಿದೆ. ಎರಡನೇ ಮಂಟಪವನ್ನೂ ದಾಟಿ ಹೋಗುತ್ತಿದ್ದಾನೆ ಮಹಾರಾಯ. ಕಿಟಕಿ ತೆರೆದು ಕೂಗಿದೆ. ದಂಡೆಯ ವಿದ್ಯಾರ್ಥಿಗಳೆಲ್ಲ ತಿರುಗಿದರು, ಇವನೊಬ್ಬನನ್ನು ಬಿಟ್ಟು.

ಊಟದ ಹೊತ್ತಿಗೆ ಜಗಳ.

"ನಾನು ಮಲಗಿದಾಗ ಮೂಗಿನ ಹತ್ರ ಬೆರಳಿಟ್ಟು ನೋಡ್ತೀಯ. ನಂಗೊತ್ತಿಲ್ಲ ಅನ್ಕೊಂಡ್ಯಾ?"

"ನೋಡ್ತೀನಿ. ಏನೀಗ?"

"ಕಂಬಿ ಒದ್ದ ದಿನ ನಾನು ರೋಗಿ ಅಲ್ಲ, ಮೆನ್ನಾ. ಮಾರನೇ ದಿನಾನೇ ಮೊದಲಿನ ಹಾಗೆ ಕೆಲಸಕ್ಕೆ ಗುಡ್ಡ ಹತ್ತಿ ಕಾಲೇಜಿನ ಬಾಗಿಲು ತೆಗೀತೀನಿ. ಅಷ್ಟೇ."

"ಅಲ್ಲಿ ಬಿದ್ರೆ?"

"ಬಿದ್ರೆ ಕಂಬಿ ಹತ್ರಾನೇ ಬೀಳ್ತೀನಿ ಬಿಡು."

ಆಮೇಲೆ ಅವನು ಪಾತ್ರೆ ತೊಳೆದ, ನಾನು ಒರೆಸಿದೆ.

ಮಾರ್ಚ್ 8, ಶನಿವಾರ

ನಾಳೆ ಬಿರುಗಾಳಿ, ಜೊತೆಗೆ ದೊಡ್ಡ ಉಬ್ಬರ. ದಂಡೆ ರಸ್ತೆಗೆ ತಡೆಗೋಲು ಹಾಕಿದ್ದಾರೆ. ಪಕ್ಕದ ಮನೆಯವರು ಬಾಗಿಲಿಗೆ ಮರಳಿನ ಚೀಲ ಒಟ್ಟಿದರು. ನಾನು ಅವನ ಬೂಟು ಒಯ್ದು ಮೆಟ್ಟಿಲ ಕೆಳಗೆ ಪೊರಕೆಯ ಹಿಂದೆ ಬಚ್ಚಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಮಾರ್ಚ್ 12, ಬುಧವಾರ. ಆಸ್ಪತ್ರೆ

ಬರೆಯಲೇಬೇಕು. ತಲೆಯಲ್ಲಿ ಅದೇ ಅದೇ ಸುತ್ತುತ್ತಿದೆ.

ಭಾನುವಾರ ಬೆಳಿಗ್ಗೆ ಕಿಟಕಿಗೆ ಹಲಗೆ ಕಟ್ಟಲು ಮಾಳಿಗೆಗೆ ಹೋಗಿದ್ದೆ. ಕೆಳಗೆ ಬಂದರೆ ಅವನಿಲ್ಲ. ಪೊರಕೆಯ ಹಿಂದೆ ಬೂಟೂ ಇಲ್ಲ. ಕಂಬಿಗೇ ಹೋದ ಎಂದುಕೊಂಡೆ. ಬೇರೆ ಏನನ್ನೂ ಯೋಚಿಸಲಿಲ್ಲ, ಅದೇ ನನ್ನ ಗ್ರಹಚಾರ.

ತಡೆಗೋಲು ದಾಟಿ ಓಡಿದೆ. ಅಲೆ ಗೋಡೆ ಹಾರಿ ಬರುತ್ತಿತ್ತು, ಜೊತೆಗೆ ಕಲ್ಲುಗಳು. ಮಂಟಪಗಳಲ್ಲಿ ಯಾರೂ ಇಲ್ಲ. ಕಂಬಿಯ ಹತ್ತಿರವೂ ಇಲ್ಲ. ಆಗ ಹಿಂದಿರುಗಬೇಕಿತ್ತು... ಹಿಂದಿರುಗುವ ಮುಂಚೆ ಕಂಬಿ ಒದೆದೆ. ಬೇಕೆಂದು ಅಲ್ಲ. ಕಾಲು ತಾನಾಗಿ ಎದ್ದಿತು, ಹುಟ್ಟಿದಾಗಿನಿಂದ ಏಳುವ ಹಾಗೆ. ಒಂಟಿ ಕಾಲಲ್ಲಿ ನಿಂತವಳನ್ನು ಅಲೆ ಕೆಡವಿತು.

ಕಂಬಿ ತಬ್ಬಿಕೊಂಡು ಬಿದ್ದಿದ್ದೆ. ದೂರದಲ್ಲಿ ಗುಂಡಿ ಹಾಕದ ಇದ್ವಾಲ್‌ನ ಕೋಟು. ನಡೆಯುತ್ತಿರಲಿಲ್ಲ, ಓಡಿ ಬರುತ್ತಿದ್ದ.

ಅವನು ದಂಡೆಗೆ ಬಂದೇ ಇರಲಿಲ್ಲ. ಹಿಂದಿನ ಬೀದಿಯಲ್ಲಿ ಪತ್ರಿಕೆ ಮಾರುವ ತೆಗಿದ್ ಎಂಬವನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಬಾಗಿಲ ಸದ್ದು ಕೇಳಿ ನನಗೆ ಗಾಬರಿಯಾಗಬಾರದೆಂದು ಹಿಂಬಾಗಿಲಿಂದ ಹೋಗಿದ್ದ. ಮನೆಗೆ ಬಂದರೆ ಎಫುವಾ, "ಆಂಟಿ ನಿಮ್ಮನ್ನೇ ಹುಡುಕಿಕೊಂಡು ದಂಡೆಗೆ ಹೋದ್ರು" ಅಂದಳಂತೆ.

ನನ್ನನ್ನು ಕೊನೆಯ ಮಂಟಪದವರೆಗೆ ಎಳೆತಂದ. ಅಲ್ಲಿ ಕೂತ. ಮುಖ ಬೂದಿ.

"ಕಂಬಿಗೆ ಕಾಲು ತಾಗಿಸಿದ್ಯಾ?"

"ಹೂಂ."

"ನಂಗಾಗ್ಲಿಲ್ಲ. ಎರಡೂ ಕೈಲಿ ನಿನ್ನ ಹಿಡ್ಕೊಂಡಿದ್ದೆ."

ಆಮೇಲೆ ನನ್ನ ಮೇಲೆ ಒರಗಿದ, ಆಂಬುಲೆನ್ಸ್ ಬರುವವರೆಗೂ. ಹೃದಯಕ್ಕೆ ಮತ್ತೆ ಪೆಟ್ಟಾಗಿದೆ, ಮುಂದೆ ಹೇಗೋ ನೋಡೋಣ ಅನ್ನುತ್ತಾರೆ ಡಾಕ್ಟರು. ಅವನನ್ನು ಕಾಯುತ್ತೇನೆ ಅಂದುಕೊಂಡಿದ್ದೆ. ಈ ಸ್ಥಿತಿಗೆ ತಂದದ್ದು ನನ್ನ ಭಯವೇ.

ಮಾರ್ಚ್ 22, ಶನಿವಾರ

ಮನೆಗೆ ಬಂದು ಮೂರು ದಿನ. ಕಿಟಕಿ ಬಳಿ ಕೂರುತ್ತಾನೆ. ದಂಡೆಯ ಕಲ್ಲು ಗುಡಿಸುವವರನ್ನು ನೋಡುತ್ತಾನೆ, ಸಂಜೆ ಕಡಲೊಳಗೆ ಚಾಚಿದ ಪಿಯರ್ ಕಟ್ಟೆಯ ಮೇಲೆ ಸುತ್ತುವ ಹಕ್ಕಿಗಳನ್ನು ನೋಡುತ್ತಾನೆ. ನಿಧಾನಕ್ಕೆ ನಡೆಯಲಿ ಎಂದು ಡಾಕ್ಟರೇ ಹೇಳಿದ್ದಾರೆ. ಬೂಟು ಪಾಲಿಶ್ ಮಾಡಿ ಬಾಗಿಲಲ್ಲಿಟ್ಟೆ.

"ಅಲ್ಲೇ ಇರ್ಲಿ ಬಿಡು," ಅಂದ.

ಈ ಮಾತಿಗೆ ನನಗೆ ಬಿರುಗಾಳಿಗಿಂತ ಹೆಚ್ಚು ಹೆದರಿಕೆಯಾಯಿತು.

ಮಾರ್ಚ್ 27, ಗುರುವಾರ

ಎಫುವಾ ಕೆಣಕಿದಳು. "ಅಂಕಲ್, ನನ್ನ ಕಡಲಹಂದಿಗಳೇ ನಿಮಗಿಂತ ಚುರುಕು. ಅವಕ್ಕೆ ಕಾಲೂ ಇಲ್ಲ."

ಎದ್ದ. ನನ್ನ ತೋಳು ಹಿಡಿದು ಮೊದಲ ಮಂಟಪದ ತನಕ ಬಂದ. ಅಲ್ಲಿ ಕೂತು ಉಸಿರು ತಗೊಂಡು ಹೇಳಿದ್ದು ಇಷ್ಟು:

"ಇನ್ಮೇಲೆ ನೀನು ಬರಬೇಡ. ನೀನು ಕಡಲು ನೋಡಲ್ಲ, ನನ್ನ ಕಾಲು ನೋಡ್ತೀಯ. ಅದು ತಡವರಿಸತ್ತೆ."

ಸರಿ ಅಂದೆ. ಅನ್ನುವುದು ಸುಲಭ.

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ

ಬೂಟು ಇಲ್ಲ. ಹೇಳದೆ ಹೋಗಿದ್ದಾನೆ. ಕಡಲು ಶಾಂತ, ಬಿಸಿಲಿದೆ, ಚಿಪ್ಸ್ ತಿನ್ನುವ ಹುಡುಗರು ಗೋಡೆಯ ಮೇಲೆ. ಕಿಟಕಿಯಿಂದ ನೋಡಿದರೆ ಕೊನೆಯ ಮಂಟಪ ದಾಟಿದ್ದಾನೆ.

ಕೋಟು ತೊಟ್ಟಾಗಿತ್ತು. ಎಫುವಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೂತ್ಕೊಳ್ಳಿ ಆಂಟಿ. ದುರ್ಬೀನಲ್ಲಿ ನಾನು ನೋಡಿ ಹೇಳ್ತೀನಿ."

ಓಡಬಾರದು. ಓಡದಿರಲೆಂದೇ ಪೆನ್ನು ಹಿಡಿದು ಕೂತಿದ್ದೇನೆ, ಕೋಟಿನಲ್ಲೇ.

"ನಿಂತ್ರು."

ಯಾಕೆ?

"ಯಾರೋ ಮಾತಾಡಿಸಿದ್ರು. ಕೈ ಬೀಸಿ ಕಳ್ಸಿದ್ರು. ಹೊರಟ್ರು ಆಂಟಿ."

ಕಳಿಸುವವನೇ ಅವನು. ಯಾರ ಕೈಯನ್ನೂ ಹಿಡಿಯುವವನಲ್ಲ.

"ಕಂಬಿ ಹತ್ರ ಬಂದ್ರು."

ಆಮೇಲೆ ಸುಮ್ಮನಾದಳು. ದುರ್ಬೀನು ಕೊಡು ಅಂದೆ, ಕೊಟ್ಟಳು. ಎರಡೂ ಕೈ ಕಂಬಿಯ ಮೇಲಿಟ್ಟು ತಲೆ ತಗ್ಗಿಸಿ ನಿಂತಿದ್ದಾನೆ. ಸುಸ್ತೋ, ಸುಮ್ಮನೆಯೋ, ಇಲ್ಲಿಂದ ತಿಳಿಯುವುದಿಲ್ಲ. ಒಂದು ಕೈ ಬಿಟ್ಟ. ಕಾಲು—